ಊರಿಗೆ ಬಸ್ಸು, ನಿಲ್ಲೋಕೆ ಶೆಲ್ಟರ್: ಸರ್ಕಾರದ ದುಡ್ಡು ಕೇಳುವುದು ಹೇಗೆ?

‘ನಮ್ಮೂರಿಗೆ ಬಸ್ಸು ಬಿಡಿ, ಬಸ್ ಶೆಲ್ಟರ್ ಕಟ್ಟಿಸಿ ಕೊಡಿ’ ಅಂತ ಒಂದೇ ಹಾಳೆಯಲ್ಲಿ ಬರೆದು, ಸಿಕ್ಕಿದ ಸಾಹೇಬರಿಗೆಲ್ಲ ಕೊಡುವವರು ತುಂಬಾ ಜನ. ಆ ಹಾಳೆ ಮುಂದಕ್ಕೆ ಹೋಗುವುದಿಲ್ಲ. ಬಸ್ಸು ಓಡಿಸುವ ದುಡ್ಡು ಒಂದು ಕಡೆಯಿಂದ ಬರುತ್ತದೆ, ಶೆಲ್ಟರ್ ಕಟ್ಟುವ ದುಡ್ಡು ಇನ್ನೊಂದು ಕಡೆಯಿಂದ. ಇಬ್ಬರು ಕೇಳುವ ಪ್ರಶ್ನೆಗಳೂ ಬೇರೆ ಬೇರೆ. ನಾನು ಹಾನಗಲ್ ತಾಲ್ಲೂಕಿನವಳು. ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದ ಕಾಲದಿಂದ ಸುತ್ತಲಿನ ಹಳ್ಳಿಯವರಿಗೆ ಈ ಅರ್ಜಿಗಳನ್ನು ಬರೆದುಕೊಡುತ್ತಾ ಬಂದಿದ್ದೇನೆ. ಯಾರು ಏನು ಕೇಳುತ್ತಾರೆ ಅಂತ ತಿಳಿದುಕೊಂಡು ಬರೆದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಬಸ್ಸು. ನಮ್ಮ ಕಡೆ ಓಡುವುದು ವಾಯವ್ಯ ಸಾರಿಗೆ, ಮೈಸೂರು–ತುಮಕೂರು ಕಡೆ ಕೆಎಸ್ಸಾರ್ಟಿಸಿ, ಕಲಬುರಗಿ ಕಡೆ ಕಲ್ಯಾಣ ಕರ್ನಾಟಕ ಸಾರಿಗೆ. ನಿಗಮ ಯಾವುದಾದರೂ ಡಿಪೋದಲ್ಲಿ ನೋಡುವ ಲೆಕ್ಕ ಒಂದೇ: ಬಸ್ಸು ಒಂದು ಕಿಲೋಮೀಟರ್ ಓಡಿದರೆ ಎಷ್ಟು ಆದಾಯ? ಅದಕ್ಕೆ ಅವರು ಇಪಿಕೆಎಂ ಅನ್ನುತ್ತಾರೆ. ಈ ಆದಾಯ ಅಂದರೆ ಬರೀ ಕಂಡಕ್ಟರ್ ಬ್ಯಾಗಿನ ರೊಕ್ಕ ಅಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ, ಹೆಣ್ಣುಮಕ್ಕಳಿಗೆ ಕೊಡುವ ಶೂನ್ಯ ಟಿಕೆಟ್ಟಿನ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ದುಡ್ಡು ಕಟ್ಟಿಕೊಡಬೇಕು. ವಿದ್ಯಾರ್ಥಿಗಳ ರಿಯಾಯಿತಿ ಪಾಸಿಗೂ ಸರ್ಕಾರದ ಪಾಲಿದೆ.

ಆದ್ದರಿಂದ ನಾನು ಎಲ್ಲ ಊರಲ್ಲೂ ಹೆಂಗಸರಿಗೆ ಹೇಳುವ ಮಾತು ಇದು: ‘ಹೆಂಗೂ ಫ್ರೀ ಅಲ್ವಾ’ ಅಂತ ಟಿಕೆಟ್ ತಗೊಳ್ಳದೆ ಸುಮ್ನೆ ಕೂರಬೇಡಿ. ಕೇಳಿ ಪಡೆಯಿರಿ. ಆ ಚೀಟಿಯಲ್ಲಿ ಎಲ್ಲಿ ಹತ್ತಿದಿರಿ, ಎಲ್ಲಿಗೆ ಹೊರಟಿರಿ ಅಂತ ಇರುತ್ತದೆ. ನಿಮ್ಮೂರಿನ ಹೆಸರು ಇದೆಯಾ ನೋಡಿ. ನಿಮ್ಮೂರು ಸ್ಟೇಜ್, ಅಂದರೆ ಟಿಕೆಟ್ ಯಂತ್ರದಲ್ಲಿ ದರದ ಲೆಕ್ಕಕ್ಕೆ ಹೆಸರಿರುವ ನಿಲ್ದಾಣ, ಆಗಿಲ್ಲದಿದ್ದರೆ ನೀವು ಹತ್ತಿದ್ದು ಪಕ್ಕದೂರಿನ ಲೆಕ್ಕಕ್ಕೆ ಸೇರುತ್ತದೆ. ಮುಂದೆ ‘ನಮ್ಮೂರಿಂದ ಇಷ್ಟು ಜನ ಹೋಗುತ್ತೇವೆ’ ಅಂದರೆ ಯಂತ್ರದಲ್ಲಿ ಅದಕ್ಕೆ ಸಾಕ್ಷಿಯೇ ಇರುವುದಿಲ್ಲ. ಅಂಥ ಊರಿನವರು ಮೊದಲು ಸ್ಟೇಜ್ ಕೇಳಿ, ಆಮೇಲೆ ಹೊಸ ಬಸ್ಸು ಕೇಳಿ.

ಅರ್ಜಿ ಡಿಪೋ ಮ್ಯಾನೇಜರ್‌ಗೆ ಒಂದು, ವಿಭಾಗೀಯ ನಿಯಂತ್ರಣಾಧಿಕಾರಿಗೆ ಒಂದು ಪ್ರತಿ. ಅದರಲ್ಲಿ ‘ತುಂಬಾ ತೊಂದರೆಯಾಗಿದೆ’ ಅಂತ ಪುಟ ತುಂಬಿಸಬೇಡಿ. ಮನೆಮನೆಗೆ ಹೋಗಿ ಪಟ್ಟಿ ಮಾಡಿ. ಹೈಸ್ಕೂಲು, ಕಾಲೇಜಿಗೆ ಹೋಗುವವರು ಎಷ್ಟು, ಎಷ್ಟು ಗಂಟೆಗೆ ಮುಟ್ಟಬೇಕು. ಸಂತೆ ದಿನ ಎಷ್ಟು ಮಂದಿ. ಆಸ್ಪತ್ರೆ, ಬ್ಯಾಂಕು, ತಹಶೀಲ್ದಾರ್ ಕಚೇರಿಗೆ ಎಷ್ಟು ಮಂದಿ. ಈಗ ಹೇಗೆ ಹೋಗುತ್ತಾರೆ, ಟಂಟಂ ಆಟೋಗೆ ಎಷ್ಟು ಕೊಡುತ್ತಾರೆ. ಕೊನೆಗೆ ಬೇಡಿಕೆಯನ್ನು ಒಂದೇ ಸಾಲಲ್ಲಿ ಬರೆಯಿರಿ: ‘ಬೆಳಿಗ್ಗೆ 8.15ಕ್ಕೆ ಪಕ್ಕದೂರಿನವರೆಗೆ ಬರುತ್ತಿರುವ ಬಸ್ಸನ್ನು ನಮ್ಮೂರಿನವರೆಗೆ ವಿಸ್ತರಿಸಿ, ಅಲ್ಲಿಂದ ತಿರುಗಿಸಬೇಕು.’ ಹೊಸ ಬಸ್ಸು ಅಂದರೆ ಬಂಡಿ ಬೇಕು, ಡ್ರೈವರ್ ಬೇಕು, ಕಂಡಕ್ಟರ್ ಬೇಕು. ಓಡುತ್ತಿರುವ ಬಸ್ಸನ್ನು ನಾಲ್ಕು ಕಿಲೋಮೀಟರ್ ಮುಂದಕ್ಕೆ ತರುವುದಕ್ಕೆ ಡಿಪೋದವರು ಬೇಗ ಒಪ್ಪುತ್ತಾರೆ. ರೂಟ್ ಸರ್ವೆಗೆ ಬಂದಾಗ ಬಸ್ಸು ತಿರುಗಿಸಲು ಜಾಗ ಎಲ್ಲಿ ಅಂತ ಖಂಡಿತ ಕೇಳುತ್ತಾರೆ. ಅದನ್ನು ಮೊದಲೇ ಸ್ವಚ್ಛ ಮಾಡಿಸಿ, ರಸ್ತೆಗೆ ಬಾಗಿದ ಕೊಂಬೆ ಕಡಿಸಿ, ಜೋತುಬಿದ್ದ ಕರೆಂಟ್ ತಂತಿ ಎತ್ತರಿಸುವುದಕ್ಕೆ ಹೆಸ್ಕಾಂಗೆ ಬರೆದು ಕೊಟ್ಟಿರಿ.

‘ಈ ಮಾರ್ಗ ಲಾಸು’ ಅಂತ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. ಮಾಹಿತಿ ಹಕ್ಕಿನಲ್ಲಿ ಆ ಶೆಡ್ಯೂಲಿನ, ಅಂದರೆ ಆ ಬಸ್ಸಿಗೆ ಗೊತ್ತುಮಾಡಿದ ಟ್ರಿಪ್ಪುಗಳ, ಇಪಿಕೆಎಂ ಕೇಳಿ. 10 ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಅಂಕಿ ಕೈಗೆ ಬಂದ ಮೇಲೆ ಯಾವ ಟ್ರಿಪ್ ಖಾಲಿ ಓಡುತ್ತಿದೆ ಅಂತ ಗೊತ್ತಾಗುತ್ತದೆ. ಅದರ ಬದಲು ನಿಮಗೆ ಬೇಕಾದ ಹೊತ್ತಿಗೆ ಓಡಿಸಿ ಅಂತ ಕೇಳಬಹುದು. ಈ ಮಾತಿಗೆ ತೂಕ ಇರುತ್ತದೆ.

ಇನ್ನು ಶೆಲ್ಟರ್. ಇದಕ್ಕೆ ಮುಖ್ಯವಾಗಿ ಮೂರು ಕಡೆ ದುಡ್ಡಿದೆ. ಒಂದು, ಪಂಚಾಯಿತಿಗೆ ಬರುವ ಹಣಕಾಸು ಆಯೋಗದ ಅನುದಾನ. ಅದರಲ್ಲಿ ಒಂದು ಭಾಗ ನೀರು, ನೈರ್ಮಲ್ಯಕ್ಕೆ ಮೀಸಲು, ಉಳಿದದ್ದರಲ್ಲಿ ಕೇಳಬೇಕು. ವಾರ್ಡ್ ಸಭೆ, ಗ್ರಾಮಸಭೆಯಲ್ಲಿ ಕೂತು, ನಿಮ್ಮ ಶೆಲ್ಟರ್ ನಡಾವಳಿ ಪುಸ್ತಕದಲ್ಲಿ ಬಂತಾ ಅಂತ ಓದಿಸಿಕೊಂಡೇ ಎದ್ದೇಳಿ. ಎರಡು, ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ವರ್ಷಕ್ಕೆ 2 ಕೋಟಿ. ವಿಧಾನ ಪರಿಷತ್ ಸದಸ್ಯರಿಗೂ ಇದೆ, ಅದನ್ನು ಜನ ಮರೆತೇಬಿಡುತ್ತಾರೆ. ಮೂರು, ಸಂಸದರ ನಿಧಿ, ವರ್ಷಕ್ಕೆ 5 ಕೋಟಿ. ಇದರಲ್ಲಿ ಕನಿಷ್ಠ ಶೇ. 15 ಪರಿಶಿಷ್ಟ ಜಾತಿಯವರು, ಶೇ. 7.5 ಪರಿಶಿಷ್ಟ ಪಂಗಡದವರು ಇರುವ ಕಡೆಗೆ ಶಿಫಾರಸು ಮಾಡಬೇಕು. ನಿಮ್ಮ ಶೆಲ್ಟರ್ ಅಂಥ ಕೇರಿಗೆ ಅನುಕೂಲ ಆಗುವುದಾದರೆ ಅರ್ಜಿಯ ಮೊದಲ ಸಾಲಲ್ಲೇ ಬರೆಯಿರಿ. ಶಾಸಕರು, ಸಂಸದರು ಶಿಫಾರಸು ಮಾತ್ರ ಮಾಡುತ್ತಾರೆ. ಮಂಜೂರಾತಿ ಆಗುವುದು ಜಿಲ್ಲಾಡಳಿತದಲ್ಲಿ. ‘ಎಂಎಲ್ಎ ಸಾಹೇಬರು ಹ್ಞೂಂ ಅಂದ್ರು’ ಅಂತ ಸಿಹಿ ಹಂಚಬೇಡಿ.

ಬಹಳ ಕೆಲಸ ನಿಲ್ಲುವುದು ಜಾಗದ ವಿಷಯಕ್ಕೆ. ಸರ್ಕಾರದ ದುಡ್ಡು ಖಾಸಗಿ ಜಾಗದ ಮೇಲೆ ಬೀಳುವುದಿಲ್ಲ. ನಮ್ಮ ಕಡೆಯ ಒಂದು ಹಳ್ಳಿಯಲ್ಲಿ ಹಿರಿಯರೊಬ್ಬರು ರಸ್ತೆ ಪಕ್ಕದ ಒಂದು ಗುಂಟೆ ಬಿಟ್ಟುಕೊಡುತ್ತೇನೆ ಅಂತ ಎಲ್ಲರೆದುರು ಹೇಳಿದ್ದರು. ದುಡ್ಡೂ ಮಂಜೂರಾಯಿತು. ಅಷ್ಟರಲ್ಲಿ ಹಿರಿಯರು ತೀರಿಕೊಂಡರು, ಹೊಲ ಮಕ್ಕಳಲ್ಲಿ ಪಾಲಾಯಿತು, ಕೆಲಸ ಅಲ್ಲೇ ನಿಂತಿತು. ಕೊಟ್ಟವರ ಮನಸ್ಸು ದೊಡ್ಡದೇ, ಆದರೆ ಪಹಣಿಯಲ್ಲಿ ಅದು ಕಾಣುವುದಿಲ್ಲ. ದಾನಪತ್ರ ನೋಂದಣಿಯಾಗಿ ಜಾಗ ಪಂಚಾಯಿತಿ ಹೆಸರಿಗೆ ಬರಲೇಬೇಕು. ರಸ್ತೆಯ ಅಂಚಿನ ಸರ್ಕಾರಿ ಜಾಗವಾದರೆ ರಸ್ತೆ ಯಾರದ್ದು ಅಂತ ತಿಳಿದುಕೊಳ್ಳಿ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿಯದ್ದು, ಹಳ್ಳಿ ರಸ್ತೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದು. ಅವರ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ಬೇಕು.

ಜೊತೆಗೆ ಇಂಜಿನಿಯರ್ ಮಾಡಿದ ಎಸ್ಟಿಮೇಟ್, ಜಾಗದ ಫೋಟೋ, ಗ್ರಾಮಸಭೆ ನಡಾವಳಿಯ ನಕಲು. ಸಂಸದರ ನಿಧಿಗೆ ಇನ್ನೊಂದು ಪತ್ರ ಬೇಕು: ಕಟ್ಟಿದ ಮೇಲೆ ನಾವು ನೋಡಿಕೊಳ್ಳುತ್ತೇವೆ ಅಂತ ಪಂಚಾಯಿತಿ ಮೊದಲೇ ಬರೆದುಕೊಡಬೇಕು. ಇದನ್ನು ಕಾಟಾಚಾರಕ್ಕೆ ಬರೆಸಬೇಡಿ. ಗುಡಿಸುವವರು ಯಾರು, ದೀಪದ ಬಿಲ್ಲು ಯಾರದು ಅಂತ ಅದರಲ್ಲೇ ಹಾಕಿಸಿ. ನೋಡಿಕೊಳ್ಳುವವರಿಲ್ಲದ ಶೆಲ್ಟರಿನೊಳಗೆ ಸಂಜೆಯಾದ ಮೇಲೆ ಹೆಣ್ಣುಮಕ್ಕಳು ಕಾಲಿಡುವುದಿಲ್ಲ, ಬಿಸಿಲಲ್ಲಿ ನಿಂತರೂ ಹೊರಗೇ ನಿಲ್ಲುತ್ತಾರೆ. ಎಸ್ಟಿಮೇಟ್ ಮಾಡುವಾಗಲೇ ಮೂರೂ ಕಡೆ ಗೋಡೆ ಬೇಡ, ಬರುವ ಬಸ್ಸು ಕಾಣುವ ಹಾಗೆ ಪಕ್ಕ ತೆರೆದಿಡಿ ಅಂತ ಇಂಜಿನಿಯರ್‌ಗೆ ಹೇಳಿ.

ಪಟ್ಟಣದವರು ‘ನಮಗೂ ಎಲೆಕ್ಟ್ರಿಕ್ ಬಸ್ಸು ಬರುತ್ತಾ’ ಅಂತ ಕೇಳುತ್ತಾರೆ. 2023ರ ಆಗಸ್ಟಿನಲ್ಲಿ ಕೇಂದ್ರ ಒಪ್ಪಿದ ಪಿಎಂ ಇ-ಬಸ್ ಸೇವಾ 10,000 ಬಸ್ಸುಗಳ ಯೋಜನೆ. 2011ರ ಜನಗಣತಿಯಲ್ಲಿ 3 ಲಕ್ಷ ದಾಟಿದ ನಗರಗಳಿಗೆ ಅದು. ಮೈಸೂರು, ಹುಬ್ಬಳ್ಳಿ–ಧಾರವಾಡ ಆ ಗೆರೆ ದಾಟುತ್ತವೆ. ಹಾವೇರಿ, ಶಿರಸಿ ದಾಟುವುದಿಲ್ಲ. ಅಲ್ಲಿಯವರು ಆ ಯೋಜನೆಯ ಹೆಸರಲ್ಲಿ ಅರ್ಜಿ ಹಾಕಿ ಕಾಯುವುದಕ್ಕಿಂತ ಡಿಪೋಗೇ ಸಿಟಿ ಬಸ್ಸಿನ ಬೇಡಿಕೆ ಕೊಡುವುದು ಒಳ್ಳೆಯದು.

ಅರ್ಜಿ ಕೊಡುವುದಕ್ಕೆ ಏಪ್ರಿಲ್ ಒಳ್ಳೆಯ ತಿಂಗಳು. ಹೊಸ ಹಣಕಾಸು ವರ್ಷ ಆಗಷ್ಟೇ ಶುರುವಾಗಿರುತ್ತದೆ, ಶಾಲೆ ತೆರೆಯುವ ಮೊದಲು ಡಿಪೋದಲ್ಲಿ ವೇಳಾಪಟ್ಟಿ ಬದಲಿಸಲು ಸಮಯವೂ ಇರುತ್ತದೆ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಊರಿಗೆ ತನ್ನಿ. ಮುಂದಿನ ಸಲ ಯಾರೇ ಹೋದರೂ ಆ ನಂಬರ್ ಹೇಳಿಯೇ ವಿಚಾರಿಸಲಿ.