ಮಗಳ ಊರಲ್ಲಿ ಮೇಯರ್ ಎಲೆಕ್ಷನ್: ಮೈಸೂರಲ್ಲಿ ಕೂತು ನೋಡುವುದು ಹೇಗೆ

ಕುವೆಂಪುನಗರ, ಸರಸ್ವತಿಪುರಂ ಕಡೆ ಯಾವ ರಸ್ತೆಗೆ ಹೋದರೂ ಅಮೆರಿಕದಲ್ಲಿ ಮಗನೋ ಮಗಳೋ ಇರುವ ಮನೆ ಸಿಗುತ್ತದೆ. ಅಲ್ಲಿ ಅಧ್ಯಕ್ಷರ ಚುನಾವಣೆ ಬಂದರೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕ್ ಮಾಡುವವರೆಲ್ಲ ಪಂಡಿತರೇ. ಆದರೆ ಮಗಳ ಮನೆ ಮುಂದಿನ ಹಿಮ ತೆಗೆಸುವುದು, ಪಾರ್ಕು, ಪೊಲೀಸು, ಪಕ್ಕದ ಖಾಲಿ ಜಾಗದಲ್ಲಿ ಅಪಾರ್ಟ್‌ಮೆಂಟ್ ಬರಬೇಕೋ ಬೇಡವೋ ಅನ್ನುವುದು, ಇವೆಲ್ಲ ಬಹುತೇಕ ಊರಿನ ಆಡಳಿತದ ಕೈಲಿರುತ್ತವೆ. ಅದರ ಚುನಾವಣೆಯನ್ನು ಇಲ್ಲಿಂದಲೇ ಚೆನ್ನಾಗಿ ನೋಡಬಹುದು. ಖರ್ಚೂ ಇಲ್ಲ.

ಮೊದಲು ಮೈಸೂರಿನ ಲೆಕ್ಕ ಪಕ್ಕಕ್ಕಿಡಿ. ನಾವು 65 ವಾರ್ಡಿಗೆ ಕಾರ್ಪೊರೇಟರುಗಳನ್ನು ಆರಿಸುತ್ತೇವೆ, ಅವರ ಜೊತೆ ಶಾಸಕರು, ಸಂಸದರೂ ಸೇರಿ ಕೈ ಎತ್ತಿ ಮೇಯರ್ ಮಾಡುತ್ತಾರೆ, ಅದೂ ಒಂದೇ ವರ್ಷಕ್ಕೆ, ಅದೂ ಸರ್ಕಾರ ಮೀಸಲಾತಿ ಪಟ್ಟಿ ಬಿಟ್ಟ ಮೇಲೆ. 2018ರಲ್ಲಿ ಯಾರಿಗೂ ಬಹುಮತ ಬರಲಿಲ್ಲ, ಆಮೇಲೆ ಪ್ರತಿ ಸಲವೂ ಯಾರು ಯಾರ ಜೊತೆ ಅನ್ನುವುದೇ ಸುದ್ದಿ. 2023ರ ನವೆಂಬರ್‌ನಲ್ಲಿ ಆ ಅವಧಿಯೂ ಮುಗಿದು ಪಾಲಿಕೆ ಆಡಳಿತಾಧಿಕಾರಿ ಕೈಗೆ ಹೋಯಿತು. ಅಮೆರಿಕದ ಬಹಳಷ್ಟು ಊರುಗಳಲ್ಲಿ ಜನ ನೇರವಾಗಿ ಮೇಯರ್‌ಗೇ ವೋಟು ಹಾಕುತ್ತಾರೆ, ಎರಡು ಅಥವಾ ನಾಲ್ಕು ವರ್ಷಕ್ಕೆ. ಕೆಲವು ಊರುಗಳಲ್ಲಿ ಮಾತ್ರ, ಕ್ಯಾಲಿಫೋರ್ನಿಯಾ ಕಡೆ ಇದು ಜಾಸ್ತಿ, ಕೌನ್ಸಿಲ್ ಸದಸ್ಯರೇ ತಮ್ಮೊಳಗೆ ಒಬ್ಬರನ್ನು ಕೂರಿಸುತ್ತಾರೆ.

ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಯಾರು ನಿಂತಿದ್ದಾರೆ ಅನ್ನುವುದಲ್ಲ. ಆ ಊರಿನ ಮೇಯರ್‌ಗೆ ಅಧಿಕಾರ ಎಷ್ಟಿದೆ ಅನ್ನುವುದು. ಮುಖ್ಯವಾಗಿ ಎರಡು ಪದ್ಧತಿಗಳಿವೆ. ಒಂದರಲ್ಲಿ ಮೇಯರೇ ಯಜಮಾನ: ಬಜೆಟ್ ಮಂಡಿಸುತ್ತಾರೆ, ಇಲಾಖೆಗಳ ಮುಖ್ಯಸ್ಥರನ್ನು ನೇಮಿಸುತ್ತಾರೆ. ಇನ್ನೊಂದರಲ್ಲಿ ದಿನದ ಆಡಳಿತವೆಲ್ಲ ಸಿಟಿ ಮ್ಯಾನೇಜರ್ ಕೈಲಿ, ಮೇಯರ್ ಸಭೆ ನಡೆಸುತ್ತಾರೆ, ರಿಬ್ಬನ್ ಕತ್ತರಿಸುತ್ತಾರೆ, ಕೌನ್ಸಿಲ್‌ನಲ್ಲಿ ಅವರದ್ದೂ ಒಂದು ವೋಟು. ನಮ್ಮ ಪಾಲಿಕೆ ಕಮಿಷನರ್ ತರಹ ಅಲ್ವಾ ಅಂದುಕೊಳ್ಳಬಹುದು. ಅರ್ಧ ಸರಿ. ನಮ್ಮ ಕಮಿಷನರನ್ನು ರಾಜ್ಯ ಸರ್ಕಾರ ಕಳಿಸುತ್ತದೆ, ಅಲ್ಲಿಯ ಮ್ಯಾನೇಜರನ್ನು ಕೌನ್ಸಿಲ್ಲೇ ಕೆಲಸಕ್ಕೆ ಇಟ್ಟುಕೊಳ್ಳುತ್ತದೆ, ಸರಿ ಹೋಗದಿದ್ದರೆ ಕೌನ್ಸಿಲ್ಲೇ ಮನೆಗೆ ಕಳಿಸುತ್ತದೆ. ಇಂಥ ಊರಲ್ಲಿ ಮೇಯರ್ ಅಭ್ಯರ್ಥಿ ಏನೇನೋ ಭರವಸೆ ಕೊಟ್ಟರೆ ಅರ್ಧಕ್ಕರ್ಧ ಕಳೆದು ಕೇಳಿ. ಮೊಮ್ಮಗನ ಸ್ಕೂಲಂತೂ ಬಹಳ ಕಡೆ ಇವರ ವ್ಯಾಪ್ತಿಗೇ ಬರುವುದಿಲ್ಲ, ಅದಕ್ಕೆ ಬೇರೆ ಸ್ಕೂಲ್ ಬೋರ್ಡ್ ಇರುತ್ತದೆ, ಅದರ ಚುನಾವಣೆಯೇ ಬೇರೆ.

ಇನ್ನು ಬ್ಯಾಲೆಟ್ ನೋಡಿ. ಅಲ್ಲಿ ಇಡೀ ದೇಶಕ್ಕೆ ಒಂದೇ ಚುನಾವಣಾ ಆಯೋಗ ಮತದಾನ ನಡೆಸುವುದಿಲ್ಲ, ಬಹಳ ಕಡೆ ಕೌಂಟಿ (ನಮ್ಮ ಜಿಲ್ಲೆಯ ತರಹ) ಕಚೇರಿ ನಡೆಸುತ್ತದೆ. ಅವರ ವೆಬ್‌ಸೈಟಲ್ಲಿ ಮಾದರಿ ಬ್ಯಾಲೆಟ್ ಇರುತ್ತದೆ, ಅದನ್ನು ಕಳಿಸಲು ಮಗಳಿಗೆ ಹೇಳಿ. ನೋಡಿದರೆ ಆಶ್ಚರ್ಯವಾಗುತ್ತದೆ. ಕೈ ಇಲ್ಲ, ಕಮಲ ಇಲ್ಲ, ತೆನೆ ಹೊತ್ತ ಮಹಿಳೆ ಇಲ್ಲ. ಉದ್ದನೆಯ ಕಾಗದ, ಹೆಸರಿನ ಪಕ್ಕ ಮೊಟ್ಟೆಯಾಕಾರದ ಸಣ್ಣ ಖಾಲಿ ಜಾಗ, ಅದನ್ನು ಪೆನ್ನಿನಿಂದ ತುಂಬಬೇಕು. ಅನೇಕ ಊರುಗಳಲ್ಲಿ ಪಕ್ಷದ ಹೆಸರೂ ಹಾಕುವುದಿಲ್ಲ. ಅದೇ ಹಾಳೆಯಲ್ಲಿ ಕೌನ್ಸಿಲ್ಲು, ಸ್ಕೂಲ್ ಬೋರ್ಡು, ಜೊತೆಗೆ ಹೊಸ ಫೈರ್ ಸ್ಟೇಷನ್ನಿಗೆ ಸಾಲ ಎತ್ತೋಣವೇ ಅನ್ನುವಂಥ ಪ್ರಶ್ನೆಯೂ ಇರಬಹುದು. ನನ್ನ ಪ್ರಕಾರ ಆ ಪ್ರಶ್ನೆಗಳನ್ನೇ ಮೊದಲು ಓದಬೇಕು, ಮನೆ ತೆರಿಗೆ ಬಹಳ ಸಲ ಏರುವುದು ಅಲ್ಲಿಂದಲೇ.

ಅಭ್ಯರ್ಥಿಗಳನ್ನು ಅಳೆಯಲು ಟಿವಿ ನಂಬಬೇಡಿ, ಸಣ್ಣ ಊರಿನ ಸುದ್ದಿ ಅಲ್ಲಿಯ ಟಿವಿಗೂ ಬೇಕಿಲ್ಲ. ಬಹಳಷ್ಟು ಊರುಗಳು ಕೌನ್ಸಿಲ್ ಸಭೆಯ ವಿಡಿಯೋ ಹಾಕುತ್ತವೆ. ಅದರಲ್ಲಿ ಸಾರ್ವಜನಿಕರು ಮೈಕ್ ಮುಂದೆ ನಿಂತು ಕೆಲವೇ ನಿಮಿಷದಲ್ಲಿ ತಮ್ಮ ದೂರು ಹೇಳುವ ಭಾಗ ಮಾತ್ರ ನೋಡಿದರೂ ಸಾಕು, ಊರಿನ ಜಗಳ ಏನು ಅಂತ ಗೊತ್ತಾಗಿಬಿಡುತ್ತದೆ. ಆಮೇಲೆ ದೇಣಿಗೆ ಪಟ್ಟಿ. ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನುವುದನ್ನು ಅಭ್ಯರ್ಥಿಗಳು ಬರೆದು ಸಲ್ಲಿಸುತ್ತಾರೆ, ಯಾರು ಬೇಕಾದರೂ ನೋಡಬಹುದು. ಭಾಷಣ ಹೇಳದ್ದನ್ನು ಈ ಪಟ್ಟಿ ಹೇಳುತ್ತದೆ. ನಮ್ಮವರು ನಿಂತಿದ್ದಾರೆ ಅಂತ ಮಾತ್ರ ಖುಷಿಪಡಬೇಡಿ. ನ್ಯೂಜೆರ್ಸಿಯ ಹೊಬೋಕನ್‌ನಲ್ಲಿ 2017ರಲ್ಲಿ ಭಾರತ ಮೂಲದ ಸಿಖ್ ರವಿ ಭಲ್ಲಾ ಮೇಯರ್ ಆಗಿ ಗೆದ್ದರು. ಮತದಾನಕ್ಕೆ ಕೆಲವೇ ದಿನ ಇರುವಾಗ ಅವರ ಪೇಟ ನೋಡಿ ಭಯೋತ್ಪಾದಕ ಅನ್ನುವ ಕರಪತ್ರ ಹಂಚಿದ್ದರು. ಅಂಥದ್ದನ್ನು ಖಂಡಿಸಲೇಬೇಕು, ಆದರೆ ಪಾರ್ಕಿಂಗ್, ಪ್ರವಾಹದ ಬಗ್ಗೆ ಅಭ್ಯರ್ಥಿ ಏನು ಹೇಳುತ್ತಾರೆ ಅನ್ನುವುದನ್ನೂ ಕೇಳಬೇಕು.

ಈಗ ಮುಖ್ಯ ವಿಷಯ, ದಯವಿಟ್ಟು ಇದನ್ನು ಮಕ್ಕಳಿಗೆ ಕಳಿಸಿ. ಎಚ್‌-1ಬಿ ಕೆಲಸದ ವೀಸಾ ಇರಲಿ, ಗ್ರೀನ್ ಕಾರ್ಡೇ ಇರಲಿ, ಪೌರತ್ವ ಇಲ್ಲದಿದ್ದರೆ ಸಾಮಾನ್ಯವಾಗಿ ವೋಟಿಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರಾಗಿ ಸೇರುತ್ತೀರಾ ಅಂತ ಫಾರಂನಲ್ಲೇ ಕೇಳುತ್ತಾರೆ. ಸುಮ್ನೆ ಟಿಕ್ ಮಾಡಿ ಪೌರ ಅಂತ ಸಹಿ ಹಾಕಿದರೆ ಮುಂದೆ ಗ್ರೀನ್ ಕಾರ್ಡಿಗೆ ಕುತ್ತು, ಗಡೀಪಾರೂ ಆಗಬಹುದು. ಅಪವಾದ ಇಲ್ಲದಿಲ್ಲ: ಮೇರಿಲ್ಯಾಂಡಿನ ಟಕೋಮಾ ಪಾರ್ಕ್, ನಮ್ಮ ಒಂದೆರಡು ವಾರ್ಡಿನಷ್ಟು ಜನ ಇರುವ ಊರು, 1992ರಿಂದ ಪೌರರಲ್ಲದವರಿಗೂ ತನ್ನ ಚುನಾವಣೆಯಲ್ಲಿ ವೋಟು ಕೊಟ್ಟಿದೆ, 2013ರಿಂದ 16 ವರ್ಷದವರಿಗೂ. ದುಡ್ಡಿನ ವಿಷಯವೂ ಅಷ್ಟೇ. ಗ್ರೀನ್ ಕಾರ್ಡ್ ಇರುವವರು ದೇಣಿಗೆ ಕೊಡಬಹುದು. ಎಚ್‌-1ಬಿಯವರಾಗಲಿ ಮೈಸೂರಲ್ಲಿ ಕೂತ ನೀವಾಗಲಿ ಒಂದು ಡಾಲರನ್ನೂ ಕೊಡುವಂತಿಲ್ಲ, ಅಳಿಯನ ಗೆಳೆಯನೇ ನಿಂತಿದ್ದರೂ. ಇನ್ನೊಂದು, ಮಗಳು ಅಮೆರಿಕದ ಪೌರಳಾಗಿದ್ದರೆ ಇಲ್ಲಿಯ ಮತದಾರರ ಪಟ್ಟಿಯಲ್ಲಿ ಅವಳ ಹೆಸರು ಇರಬಾರದು. ಇದ್ದರೆ ಫಾರಂ 7 ಕೊಟ್ಟು ತೆಗೆಸಿ. ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡಿಗೆ ಇಲ್ಲಿ ವೋಟಿಲ್ಲ.

ದಿನಾಂಕ ಮೊದಲೇ ಕೇಳಿಟ್ಟುಕೊಳ್ಳಿ. ನವೆಂಬರ್ ಮೊದಲ ಸೋಮವಾರದ ಮಾರನೇ ದಿನ ಅನ್ನುವುದು ಪ್ರಸಿದ್ಧ, ಆದರೆ ಊರಿನ ಚುನಾವಣೆ ಏಪ್ರಿಲ್, ಮೇ ತಿಂಗಳಲ್ಲೂ ಬರುತ್ತದೆ. ನವೆಂಬರ್‌ನಲ್ಲಾದರೆ ಪೂರ್ವ ಕರಾವಳಿಯಲ್ಲಿ ರಾತ್ರಿ 8ಕ್ಕೆ ಮತದಾನ ಮುಗಿಯುವಾಗ ನಮಗೆ ಸಾಮಾನ್ಯವಾಗಿ ಬುಧವಾರ ಬೆಳಿಗ್ಗೆ 6.30, ಕ್ಯಾಲಿಫೋರ್ನಿಯಾದಲ್ಲಾದರೆ 9.30. ರಾತ್ರಿಯಿಡೀ ಎದ್ದಿರುವ ಕರ್ಮ ಇಲ್ಲ, ಕಾಫಿ ಹಿಡಿದು ಕೌಂಟಿ ವೆಬ್‌ಸೈಟ್ ತೆರೆದರೆ ಆಯಿತು.

ಅವತ್ತು ಬರುವ ಅಂಕಿ ಅನಧಿಕೃತ. ಅಂಚೆಯಲ್ಲಿ ಬಂದ ವೋಟುಗಳು ಕೆಲವು ಕಡೆ ಆಮೇಲೂ ಎಣಿಕೆಗೆ ಸೇರುತ್ತವೆ, ಕೆಲವು ಊರುಗಳಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ವೋಟು ಬರದಿದ್ದರೆ ಮೊದಲ ಇಬ್ಬರ ನಡುವೆ ಇನ್ನೊಂದು ಸುತ್ತು ನಡೆಯುತ್ತದೆ. ಅಂತರ ಹತ್ತಿಪ್ಪತ್ತು ವೋಟಿದ್ದರೆ ಫ್ಯಾಮಿಲಿ ಗ್ರೂಪಲ್ಲಿ ಅಭಿನಂದನೆ ಹಾಕುವ ಆತುರ ಬೇಡ. 2004ರಲ್ಲಿ ನಮ್ಮ ಪಕ್ಕದ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಒಂದೇ ವೋಟಲ್ಲಿ ಗೆದ್ದದ್ದು ನೆನಪಿದೆಯಲ್ಲ. ಅದು ವಿಧಾನಸಭೆ ಕ್ಷೇತ್ರ, 80 ಸಾವಿರ ದಾಟಿ ವೋಟು ಬಿದ್ದ ಕಡೆ. ಕೆಲವೇ ಸಾವಿರ ಜನ ವೋಟು ಹಾಕುವ ಊರಲ್ಲಿ ಸಮ ಸಮ ಬಂದು ಚೀಟಿ ಎತ್ತಿಯೋ ನಾಣ್ಯ ಚಿಮ್ಮಿಯೋ ತೀರ್ಮಾನ ಮಾಡುವುದೂ ಉಂಟು. ಕೌಂಟಿಯವರು ಫಲಿತಾಂಶ ಪ್ರಮಾಣೀಕರಿಸಿದ್ದೇವೆ ಅಂತ ಹಾಕುವವರೆಗೆ ಕಾಯಿರಿ, ಅದಕ್ಕೆ ಕೆಲವು ದಿನವೋ ವಾರವೋ ಆಗಬಹುದು.