ಫೋರ್ ವೀಲ್ ಡ್ರೈವ್ ಕಾರಿಗೆ ಒಂದೇ ಒಂದು ಟೈರ್: ನನ್ನ ಅನುಭವ

ಕಳೆದ ಮಳೆಗಾಲದ ಕೊನೆಯಲ್ಲಿ, ಸಕಲೇಶಪುರದ ನಮ್ಮ ತೋಟದ ರಸ್ತೆಯಲ್ಲಿ ಮಣ್ಣು ಕೊಚ್ಚಿಹೋಗಿ ಎದ್ದು ನಿಂತಿದ್ದ ಕಲ್ಲಿನ ಮೊನೆಗೆ ಸಿಕ್ಕಿ, ನಮ್ಮ ಡಸ್ಟರ್ ಕಾರಿನ ಬಲಗಡೆಯ ಹಿಂದಿನ ಟೈರ್ ಸೀಳಿತು. ಸೀಳು ಸೈಡ್‌ವಾಲಿನಲ್ಲಿ, ಅಂದರೆ ಟೈರಿನ ಪಕ್ಕದ ಗೋಡೆಯಲ್ಲಿ, ಎರಡು ಬೆರಳಗಲ ಇತ್ತು. ನೆಲಕ್ಕೆ ತಾಗುವ ಭಾಗದಲ್ಲಿ ಮೊಳೆ ಹೊಕ್ಕಿದ್ದರೆ ಪಂಚರ್ ಹಾಕಿಸಿ ಮುಗಿಸಬಹುದಿತ್ತು. ಸೈಡ್‌ವಾಲ್ ಪ್ರತಿ ಸುತ್ತಿಗೂ ಬಾಗಿ ಏಳುವ ಭಾಗವಾದ್ದರಿಂದ ಅಲ್ಲಿ ಪ್ಯಾಚ್ ನಿಲ್ಲುವುದಿಲ್ಲ, ನಿಂತಂತೆ ಕಂಡರೂ ಘಾಟಿ ರಸ್ತೆಯಲ್ಲಿ ಅದನ್ನು ನಂಬುವಂತಿಲ್ಲ. ಸ್ಟೆಪ್ನಿ ಹಾಕಿ ಮನೆಗೆ ಬಂದೆ.

ಮರುದಿನ ಟೈರ್ ಅಂಗಡಿಯಲ್ಲಿ, "ಒಂದೇ ಹಾಕ್ಸಿ ಸಾರ್, ಉಳಿದ ಮೂರು ಇನ್ನೂ ಚೆನ್ನಾಗಿವೆ" ಎಂದರು. ಮುಂದಿನ ಚಕ್ರಗಳಷ್ಟೇ ಎಳೆಯುವ ಕಾರಾಗಿದ್ದರೆ ಆ ಮಾತನ್ನು ನಾನು ಒಪ್ಪುತ್ತಿದ್ದೆ. ಆದರೆ ನಮ್ಮದು ನಾಲ್ಕೂ ಚಕ್ರಗಳು ಎಳೆಯಬಲ್ಲ ಕಾರು. ಅದರಲ್ಲಿ ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವುದು ಹಿಂದಿನ ಡಿಫರೆನ್ಷಿಯಲ್‌ನ (ಎರಡು ಚಕ್ರಗಳಿಗೆ ಶಕ್ತಿ ಹಂಚಿ, ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಎದುರಿಗಿರುವ ಕಪ್ಲಿಂಗ್ ಮೂಲಕ; ಅದು ಪ್ಲೇಟುಗಳು ಹಿಡಿದಾಗ ಶಕ್ತಿ ದಾಟಿಸುವ, ಬಿಟ್ಟಾಗ ನಿಲ್ಲಿಸುವ ಕೊಂಡಿ. ಎಷ್ಟು ಚಕ್ರ ಎಳೆಯಬೇಕೆಂದು ಆರಿಸುವ ನಾಬ್ ಅನ್ನು 'ಆಟೋ'ದಲ್ಲಿ ಇಟ್ಟಿದ್ದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ವೇಗದಲ್ಲಿ ವ್ಯತ್ಯಾಸ ಕಂಡಾಗ ಕಪ್ಲಿಂಗ್‌ನ ಪ್ಲೇಟುಗಳು ಹಿಡಿದುಕೊಳ್ಳುತ್ತವೆ. ಚಕ್ರ ಜಾರಿದ್ದರಿಂದ ಬಂದ ವ್ಯತ್ಯಾಸ ಯಾವುದು, ಹೊಸ ಟೈರ್ ಸವೆದವುಗಳಿಗಿಂತ ದೊಡ್ಡದಾಗಿರುವುದರಿಂದ ಬಂದದ್ದು ಯಾವುದು ಎಂದು ಸೆನ್ಸರ್‌ಗೆ ಸುಲಭವಾಗಿ ಬೇರ್ಪಡಿಸಲು ಬರುವುದಿಲ್ಲ. ಹಾಗಾಗಿ ಪ್ಲೇಟುಗಳು ಬೇಡದಿದ್ದಾಗಲೂ ಹಿಡಿದು, ಉಜ್ಜಿ ಸವೆಯಬಹುದು.

ಡೆಪ್ತ್ ಗೇಜ್ ಹಿಡಿದು ಅಳೆದಾಗ ಮುಂದಿನ ಎರಡು ಟೈರುಗಳಲ್ಲಿ 5.2 ಮತ್ತು 5.1 ಮಿ.ಮೀ., ಹಿಂದಿನ ಎಡಗಡೆಯದರಲ್ಲಿ 5 ಮಿ.ಮೀ. ಟ್ರೆಡ್ (ನೆಲಕ್ಕೆ ತಾಗುವ ಭಾಗದ ತೋಡುಗಳ ಆಳ) ಉಳಿದಿತ್ತು. ಒಮ್ಮೆಯೂ ಓಡದ ಸ್ಟೆಪ್ನಿಯಲ್ಲಿ 8 ಮಿ.ಮೀ. ಇತ್ತು. 3 ಮಿ.ಮೀ. ಅಂತರವೆಂದರೆ ಏನೂ ಅಲ್ಲವೆನ್ನಿಸುತ್ತದೆ, ಆದರೆ 215/65 ಆರ್ 16 ಅಳತೆಯ ಹೊಸ ಟೈರಿನ ಸುತ್ತಳತೆ ಸುಮಾರು 2,155 ಮಿ.ಮೀ. ಇದ್ದು, ತ್ರಿಜ್ಯದಲ್ಲಿ 3 ಮಿ.ಮೀ. ಕಡಿಮೆಯಾದರೆ ಸುತ್ತಳತೆಯಲ್ಲಿ ಸುಮಾರು 19 ಮಿ.ಮೀ. ಕಡಿಮೆಯಾಗುತ್ತದೆ, ಅಂದರೆ ಹೊಸ ಟೈರ್ ಒಂದು ಕಿಲೋಮೀಟರಿಗೆ 464 ಸುತ್ತು ತಿರುಗಿದರೆ ಸವೆದದ್ದು 468 ಸುತ್ತು ತಿರುಗಬೇಕು.

ಈ ಲೆಕ್ಕವನ್ನು ಕಣ್ಣಿನಿಂದ ನೋಡಬೇಕೆನ್ನಿಸಿತು. ಕಾಫಿ ಒಣಗಿಸುವ ನಮ್ಮ ಸಿಮೆಂಟ್ ಕಣ ಉದ್ದವಾಗಿ, ಸಮತಟ್ಟಾಗಿದೆ. ತಣ್ಣಗಿರುವಾಗಲೇ ನಾಲ್ಕೂ ಟೈರುಗಳಿಗೆ ಸಮನಾಗಿ ಗಾಳಿ ತುಂಬಿಸಿ, ಹಿಂದಿನ ಎರಡು ಟೈರುಗಳು ನೆಲಕ್ಕೆ ತಾಗುವ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ನಾಬ್ ಅನ್ನು ಮುಂದಿನ ಚಕ್ರಗಳು ಮಾತ್ರ ಎಳೆಯುವ 'ಟೂ ವೀಲ್'ಗೆ ತಿರುಗಿಸಿ, ಸ್ಟಿಯರಿಂಗ್ ನೇರ ಹಿಡಿದು, ಎಡಚಕ್ರ ಸರಿಯಾಗಿ ಹತ್ತು ಸುತ್ತು ತಿರುಗುವವರೆಗೆ ಮೆಲ್ಲಗೆ ಮುಂದೆ ಹೋದೆ. ಎಡಗಡೆಯ ಗೆರೆ ನೆಲ ಮುಟ್ಟಿದಾಗ, ಸ್ಟೆಪ್ನಿ ಹಾಕಿದ್ದ ಬಲಚಕ್ರದ ಗೆರೆ ನೆಲಕ್ಕೆ ಬರಲು ಇನ್ನೂ 15 ಸೆಂ.ಮೀ. ಬಾಕಿ ಇತ್ತು. ಕಾಗದದ ಮೇಲಿನ ಲೆಕ್ಕಕ್ಕಿಂತ ಇದು ಸ್ವಲ್ಪ ಕಡಿಮೆ. ಗಾಡಿಯ ಭಾರಕ್ಕೆ ಟೈರ್ ಕುಗ್ಗಿ ಉರುಳುವಾಗ ಅಳತೆ ಹಾಗೆ ಬದಲಾಗುತ್ತದೆ. ಹಾಗಿದ್ದರೂ ಹತ್ತೇ ಸುತ್ತಿಗೆ ಒಂದು ಗೇಣಿನ ಹತ್ತಿರದ ಅಂತರವದು. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಅದು ಎಷ್ಟಾದೀತೆಂದು ಯೋಚಿಸಿದ ಮೇಲೆ, ಒಂದೇ ಹೊಸ ಟೈರ್ ಹಾಕಿಸುವ ವಿಚಾರವನ್ನು ಬಿಟ್ಟೆ.

ಹಾಗಾದರೆ ಹಿಂದಿನ ಜೋಡಿಯನ್ನೇ ಹೊಸದು ಮಾಡಿಸಿ ಎಂದು ಹಲವರು ಹೇಳಿದರು. ಎರಡು ಚಕ್ರ ಎಳೆಯುವ ಕಾರಿಗೆ ಅದು ಸರಿಯಾದ ಸಲಹೆಯೇ. ನಮ್ಮ ಕಾರಿನಲ್ಲಿ ಒಂದೇ ಟೈರ್ ದೊಡ್ಡದಾಗಿದ್ದರೆ ಹಿಂದಿನ ಡಿಫರೆನ್ಷಿಯಲ್ ಎರಡು ಚಕ್ರಗಳ ವೇಗದ ಸರಾಸರಿಯನ್ನು ಕಪ್ಲಿಂಗ್‌ಗೆ ಕೊಡುವುದರಿಂದ ಅರ್ಧ ವ್ಯತ್ಯಾಸ ಮಾತ್ರ ಅಲ್ಲಿಗೆ ತಲುಪುತ್ತದೆ, ಎರಡೂ ದೊಡ್ಡದಾಗಿದ್ದರೆ ಪೂರ್ತಿ ವ್ಯತ್ಯಾಸ ಕಪ್ಲಿಂಗ್ ಮೇಲೆಯೇ ಬೀಳುತ್ತದೆ. ಜೋಡಿ ಹಾಕಿಸಿದವರು ತಾವು ಸುರಕ್ಷಿತ ದಾರಿ ಹಿಡಿದೆವೆಂದು ನೆಮ್ಮದಿಯಿಂದಿರುತ್ತಾರೆ. ಆದ್ದರಿಂದಲೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ನಾನು ಆರಿಸಿಕೊಂಡದ್ದು ನಮ್ಮ ಟೈರುಗಳಷ್ಟೇ ಸವೆದ ಹಳೆಯ ಟೈರನ್ನು. ತಮ್ಮ ಗಾಡಿಗಳಿಗೆ ಮೈಮೇಲೆ ದಪ್ಪ ಗುಬಟುಗಳಿರುವ ಟೈರ್ ಹಾಕಿಸಿಕೊಳ್ಳುವವರು ಅರ್ಧ ಸವೆದ ಟೈರುಗಳನ್ನು ಅಂಗಡಿಗೇ ಬಿಟ್ಟು ಹೋಗುತ್ತಾರೆ. ಹಾಸನದಲ್ಲಿ ನಾಲ್ಕು ದಿನ ವಿಚಾರಿಸಿದ ಮೇಲೆ ಅದೇ ಕಂಪನಿಯ, ಅದೇ ಪ್ಯಾಟರ್ನಿನ, ಹೊರಬಲ್ಲ ಭಾರ ಮತ್ತು ವೇಗದ ಮಿತಿ ಹೇಳುವ ಅದೇ 98 ಎಚ್ ಗುರುತಿನ ಟೈರ್ ಸಿಕ್ಕಿತು; ಟ್ರೆಡ್ 5.4 ಮಿ.ಮೀ. ಇತ್ತು. ತಯಾರಾದ ವಾರ ಮತ್ತು ವರ್ಷವನ್ನು ಹೇಳುವ ನಾಲ್ಕು ಅಂಕಿಗಳನ್ನು ಓದಿ, ಅದು ನಮ್ಮ ಟೈರುಗಳಿಗಿಂತ ಹಳೆಯದಲ್ಲವೆಂದು ಖಚಿತ ಮಾಡಿಕೊಂಡೆ. ಒಳಮೈಯಲ್ಲಿ ಪ್ಯಾಚ್ ಇದೆಯೇ ಎಂದು ಟಾರ್ಚ್ ಹಿಡಿದು ನೋಡಿದೆ, ರಿಮ್ಮಿಗೆ ಕೂರುವ ಅಂಚಿನ ಸುತ್ತ ಬೆರಳಾಡಿಸಿ ತಂತಿ ಹೊರಬಂದಿಲ್ಲವೆಂದು ತಿಳಿದುಕೊಂಡೆ, ಸೈಡ್‌ವಾಲನ್ನು ಬಾಗಿಸಿ ಕೂದಲೆಳೆಯ ಬಿರುಕುಗಳಿಗಾಗಿ ಹುಡುಕಿದೆ. ಹಳೆಯ ಟೈರ್ ಕೊಳ್ಳುವವರು ಇದರಲ್ಲಿ ಒಂದನ್ನೂ ಬಿಡಬಾರದು. ನಮ್ಮ ಉಳಿದ ಟೈರುಗಳು 4 ಮಿ.ಮೀ.ಗಿಂತ ಕೆಳಗೆ ಇಳಿದಿದ್ದರೆ ಈ ಹುಡುಕಾಟಕ್ಕೆ ಹೋಗದೆ ನಾಲ್ಕನ್ನೂ ಹೊಸದಾಗಿ ಹಾಕಿಸುತ್ತಿದ್ದೆ.

ಟೈರ್ ಕೂರಿಸಿ, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದು ಕಣದಲ್ಲಿ ಮತ್ತೆ ಗೆರೆ ಎಳೆದೆ. ಹತ್ತು ಸುತ್ತಿಗೆ ಅಂತರ 2 ಸೆಂ.ಮೀ. ಬಂತು. ಆ ಮೇಲಷ್ಟೇ ನಾಬ್ ಅನ್ನು 'ಆಟೋ'ಗೆ ತಿರುಗಿಸಿದೆ. ಅಲ್ಲಿಯವರೆಗಿನ ಒಂದು ವಾರವೂ ಕಪ್ಲಿಂಗ್ ಬಿಟ್ಟುಕೊಂಡೇ ಇರಲೆಂದು 'ಟೂ ವೀಲ್'ನಲ್ಲಿಯೇ ಓಡಾಡಿದ್ದೆ. 8 ಮಿ.ಮೀ.ನ ಸ್ಟೆಪ್ನಿ ಮತ್ತೆ ತನ್ನ ಜಾಗಕ್ಕೆ ಹೋಯಿತು. ಅದನ್ನು ಹಾಕಬೇಕಾಗಿ ಬಂದಾಗ ನಾಬ್ 'ಟೂ ವೀಲ್'ನಲ್ಲಿರಲಿ ಎಂದು ಬರೆದ ಚೀಟಿಯೊಂದನ್ನು, ನನ್ನ ಮಗಳೂ ಈ ಕಾರು ಓಡಿಸುವುದರಿಂದ, ಜಾಕಿಯ ಚೀಲಕ್ಕೆ ಕಟ್ಟಿಟ್ಟಿದ್ದೇನೆ.