ಶಿಡ್ಲಘಟ್ಟದ ಶೀಟಿನ ಕೋಣೆಯಲ್ಲಿ ಕೈಯಿಂದಲೇ ಸೋಲ್ಡರ್ ಪೇಸ್ಟ್: ನನ್ನ ಅನುಭವ

ರೇಷ್ಮೆ ಹುಳು ಸಾಕುವ ಮನೆಗಳ ಉಷ್ಣಾಂಶ, ತೇವಾಂಶ ನೋಡಿಕೊಳ್ಳುವ ಬೋರ್ಡುಗಳನ್ನು ಶಿಡ್ಲಘಟ್ಟದ ನಮ್ಮ ಮನೆಯ ಮಹಡಿಯಲ್ಲಿರುವ ಶೀಟಿನ ಕೋಣೆಯಲ್ಲಿ ಮಾಡುತ್ತೇನೆ. 0.5 ಮಿ.ಮೀ. ಪಿಚ್ಚಿನ (ಕಾಲಿನಿಂದ ಕಾಲಿಗೆ ಇರುವ ಅಂತರ) ಐಸಿ ಚಿಪ್ಪಿಗೆ ಸೋಲ್ಡರ್ ಪೇಸ್ಟನ್ನು, ಅಂದರೆ ಬೆಸುಗೆ ಲೋಹದ ಪುಡಿ ಕಲಸಿದ ಅಂಟನ್ನು, ಕೈಯಿಂದ ಬಳಿಯಲು ಸಾಧ್ಯವೇ ಇಲ್ಲ ಎಂದು ಬೆಂಗಳೂರಿನಿಂದ ಬಿಡಿಭಾಗ ಕಳುಹಿಸುವವರಿಂದ ಹಿಡಿದು ನಮ್ಮ ಭಾವನವರವರೆಗೆ ಎಲ್ಲರೂ ಹೇಳಿದ್ದರು. ಕಳೆದ ತಿಂಗಳು ಸುಮಾರು 200 ಬೋರ್ಡು ಮಾಡಿದೆ. ಪಕ್ಕಪಕ್ಕದ ಕಾಲುಗಳು ಅಂಟಿ ಶಾರ್ಟ್ ಆಗಿ ಮತ್ತೆ ಸೋಲ್ಡರಿಂಗ್ ಐರನ್ ಹಿಡಿಯಬೇಕಾದದ್ದು ಆರೋ ಏಳೋ ಅಷ್ಟೇ. ಭೂತಗನ್ನಡಿ ಹಿಡಿದು ಎಣಿಸಿದವರು ಭಾವನವರೇ.

ಇಲ್ಲಿಗೆ ತಲುಪಲು ಹೋದ ದುಡ್ಡು ಕಡಿಮೆಯಲ್ಲ. ಮೊದಲು ಬೈಕುಗಳಿಗೆ ರೇಡಿಯಂ ಸ್ಟಿಕ್ಕರ್ ಕತ್ತರಿಸುವ ಅಂಗಡಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಸ್ಟೆನ್ಸಿಲ್ (ಪೇಸ್ಟ್ ಬೀಳಬೇಕಾದ ಕಡೆ ಮಾತ್ರ ಕಿಂಡಿಯಿರುವ ಅಚ್ಚು) ಮಾಡಿಸಿದೆ. 0805 ಎಂಬ ದೊಡ್ಡ ಅಳತೆಯ ರೆಸಿಸ್ಟರುಗಳಿಗೆ ಚೆನ್ನಾಗಿಯೇ ಬಂತು. ಐಸಿಯ ಸಾಲಿನಲ್ಲಿ ಮಾತ್ರ ಕಿಂಡಿಗಳ ನಡುವಿನ ಎಳೆಯೇ ಹರಿದುಹೋಯಿತು. ನಾಲ್ಕು ಸಲ ಕತ್ತರಿಸಿ ಆರುನೂರು ರೂಪಾಯಿ ಕಳೆದ ಮೇಲೆ 0.12 ಮಿ.ಮೀ. ಸ್ಟೀಲಿನದನ್ನು ಲೇಸರಿನಲ್ಲಿ ಮಾಡಿಸಿದೆ. ಕೊರಿಯರ್ ಸೇರಿ 1,800ರ ಆಸುಪಾಸು.

ಎರಡನೆಯ ಏಟು ಪೇಸ್ಟಿನದು. ಫ್ರಿಜ್ಜಿನಿಂದ ತೆಗೆದ ಡಬ್ಬಿಯನ್ನು ಅವಸರದಲ್ಲಿ ಆಗಲೇ ತೆರೆದೆ. ತಣ್ಣನೆಯ ಪೇಸ್ಟಿನ ಮೇಲೆ ಗಾಳಿಯ ತೇವ ಕುಳಿತು, ರಿಫ್ಲೋ ಆದಾಗ, ಅಂದರೆ ಕಾಯಿಸಿ ಪೇಸ್ಟ್ ಕರಗಿಸಿದಾಗ, ಪ್ಯಾಡುಗಳ (ಬೋರ್ಡಿನ ಮೇಲೆ ಬಿಡಿಭಾಗದ ಕಾಲು ಕೂರುವ ಲೋಹದ ಜಾಗ) ಸುತ್ತ ಸಾಸಿವೆಗಿಂತ ಸಣ್ಣ ಗುಂಡುಗಳು ಚೆಲ್ಲಿದ್ದವು. ಮೂವತ್ತು ಬೋರ್ಡು, ಅರ್ಧ ಡಬ್ಬಿ ಪೇಸ್ಟ್ ಹಾಳು. ಈಗ ಮುಚ್ಚಳ ಮುಟ್ಟದೆ ನಾಲ್ಕು ಗಂಟೆ ಹೊರಗಿಡುತ್ತೇನೆ. ಅಡುಗೆಮನೆಯ ಫ್ರಿಜ್ಜಿನಲ್ಲಂತೂ ಇಡಲೇಬಾರದು, ಇದರಲ್ಲಿ ಸೀಸವಿದೆ. ಅದಕ್ಕೆಂದೇ ಹಳೆಯ ಸಣ್ಣ ಫ್ರಿಜ್ ಕೊಂಡೆ.

ನಡುವೆ ಮೀನಿನ ತೊಟ್ಟಿಯ ಗಾಳಿ ಪಂಪನ್ನು ಸಿರಿಂಜಿಗೆ ಜೋಡಿಸಿ ಚುಕ್ಕಿ ಚುಕ್ಕಿಯಾಗಿ ಹಾಕಲು ನೋಡಿದೆ. ಆ ಒತ್ತಡಕ್ಕೆ ಪೇಸ್ಟ್ ಜಗ್ಗಲೇ ಇಲ್ಲ. ಒಂದು ಭಾನುವಾರ ಅದಕ್ಕೇ ಹೋಯಿತು.

ಹೆಚ್ಚು ಕಾಡಿದ್ದು ಏಪ್ರಿಲ್. ಕಾದ ಶೀಟಿನ ಕೆಳಗೆ ಮಧ್ಯಾಹ್ನ ಬಳಿದ ಪೇಸ್ಟ್ ಪ್ಯಾಡಿನ ಮೇಲೆ ಕುಸಿದು ಪಕ್ಕದ್ದಕ್ಕೆ ಅಂಟುತ್ತಿತ್ತು, ಸ್ಟೆನ್ಸಿಲ್ ಮೇಲೆ ಉಳಿದದ್ದು ಗಟ್ಟಿಯಾಗುತ್ತಿತ್ತು. ನಾನು ಪೇಸ್ಟ್ ಎಳೆಯುವ ಪಟ್ಟಿಯಾದ ಸ್ಕ್ವೀಜಿಯನ್ನೇ ದೂರುತ್ತಾ ಮೂರು ಬದಲಾಯಿಸಿದೆ. ಕೊನೆಗೆ ಒಂದು ದಿನ ಬೆಳಗಿನ ಐದೂವರೆಗೆ ಎದ್ದು ಅದೇ ಪೇಸ್ಟನ್ನು ಅದೇ ಸ್ಕ್ವೀಜಿಯಿಂದ ಎಳೆದೆ. ಅಂಚುಗಳು ಇಟ್ಟಿಗೆಯಂತೆ ನಿಂತವು! ಅಂದಿನಿಂದ ಬೇಸಿಗೆಯಲ್ಲಿ ಎಂಟು ಗಂಟೆಯೊಳಗೆ ಬಳಿಯುವ ಕೆಲಸ ಮುಗಿಸುತ್ತೇನೆ.

ಐಸಿಯ ಹೊಟ್ಟೆಯಡಿಯ ದೊಡ್ಡ ಪ್ಯಾಡಿಗೆ ಒಂದೇ ಕಿಂಡಿ ಬೇಡ, ಪೇಸ್ಟ್ ಹೆಚ್ಚಾಗಿ ಐಸಿ ತೇಲುತ್ತದೆ. ನಾಲ್ಕು ಕಿಂಡಿ ಮಾಡಿಸಿ ಪ್ಯಾಡಿನ ಶೇ 60ರಷ್ಟು ಜಾಗಕ್ಕೆ ಮಾತ್ರ ಪೇಸ್ಟ್ ತುಂಬಿಸುತ್ತೇನೆ. ಐದಾರು ಬೋರ್ಡಿಗೊಮ್ಮೆ ಸ್ಟೆನ್ಸಿಲ್ ಅಡಿಯನ್ನು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಿ, ಒಣ ಬಟ್ಟೆಯಿಂದ ಮತ್ತೆ ಒರೆಸಬೇಕು. ಬೋರ್ಡು ಕದಲದಂತೆ ಕೆಳಗೆ ಏನು ಹಾಸುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ, ಅದು ಎರಡು ವರ್ಷ ಹುಡುಕಿ ಗಳಿಸಿದ್ದು.

ಹೊರಗೆ ಮಾಡಿಸಿದಾಗ ಬೋರ್ಡಿಗೆ ಸುಮಾರು 60 ರೂಪಾಯಿ ಕೊಡುತ್ತಿದ್ದೆ. ಈಗ ಪೇಸ್ಟ್, ಕರೆಂಟು, ಸಹಾಯದ ಹುಡುಗನ ಕೂಲಿ ಎಲ್ಲ ಸೇರಿ ಹದಿನೈದರೊಳಗೆ ಮುಗಿಯುತ್ತದೆ. 0.4 ಮಿ.ಮೀ. ಪಿಚ್ಚಿಗೆಂದು 0.1 ದಪ್ಪದ ಸ್ಟೆನ್ಸಿಲ್ ಬಂದಿದೆ. ನಾಳೆ ಬೆಳಿಗ್ಗೆ ಎಳೆದು ನೋಡುತ್ತೇನೆ.